ಕಿವಿಮೇಸ್ತ್ರಿಯ ದುಬಾರಿ ಫೋನು

ಕಂಬಳಿಯ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ನಾದಿನಿಯ ಕೈಯಲ್ಲಿ. ತಾರಸಿಯ ಮೇಲೆ ಇಬ್ಬರೂ ಎದುರುಬದುರು ನಿಂತು ತಿರುಚಿ ತಿರುಚಿ ನೀರು ಹಿಂಡುತ್ತಿದ್ದರು. ನೆನೆದ ಕಂಬಳಿ ಹೆಣಭಾರ. ಹಿಂಡಿದಷ್ಟೂ ನೀರು ಸುರಿದು, ಸೋಪಿನ ನೊರೆಯನ್ನು ಎಳೆದುಕೊಂಡು, ಮೂಲೆಯ ತೂತಿನ ಕಡೆ ಓಡುತ್ತಿತ್ತು.

"ಇನ್ನೂ ಗಟ್ಟಿಯಾಗಿ ಹಿಂಡಿ ಅತ್ತಿಗೆ. ಇದು ಕಂಬಳಿ, ಅಣ್ಣನ ಕಿವಿ ಅಲ್ಲ, ನೋವಾಗಲ್ಲ" ಅಂದಳು ನಾದಿನಿ.

"ನಿಮ್ಮಣ್ಣನ ಕಿವಿ ನನ್ನ ಕೈಗೆ ಸಿಕ್ಕಿದ್ದಿದ್ರೆ ಇಷ್ಟು ಹೊತ್ತಿಗೆ ಹಿಂಡಿ ಒಣಹಾಕಿರ್ತಿದ್ದೆ ಕಣೇ."

ಇಬ್ಬರೂ ನಕ್ಕರು. ನಗುತ್ತಾ ಇನ್ನೊಂದು ಸುತ್ತು ತಿರುಚುವಾಗ, ಗೋಡೆಯ ಮೇಲೆ ಸೋಪಿನ ಡಬ್ಬಿಯ ಪಕ್ಕ ಇಟ್ಟಿದ್ದ ಅವಳ ಫೋನು ಕೂಗಿಕೊಂಡಿತು. ಅದು ಕರೆ ಬಂದಾಗಿನ ಸದ್ದಲ್ಲ. ಆ ಹಳೆಯ ಫೋನಿನೊಳಗೆ ಅಂಥದ್ದೊಂದು ಕೂಗು ಇದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಮೂಲೆ ಬಿರುಕು ಬಿಟ್ಟ ಆ ಫೋನು ಮೊದಲು ಗಂಡನದಾಗಿತ್ತು. ಅವನು ಹೊಸದು ಕೊಂಡ ಮೇಲೆ ಇವಳ ಪಾಲಿಗೆ ಬಂದಿತ್ತು.

"ನೋಡೇ ಅದೇನು, ನನ್ನ ಕನ್ನಡಕ ಕೆಳಗಿದೆ."

ನಾದಿನಿ ಒಂದು ಕೈಯಲ್ಲಿ ಕಂಬಳಿ ಹಿಡಿದೇ ಬಗ್ಗಿ ಫೋನು ತೆಗೆದುಕೊಂಡಳು. ಓದುತ್ತಾ ಓದುತ್ತಾ ಅವಳ ತುಟಿ ನಿಂತುಹೋಯಿತು.

"ಏನೇ?"

"ಏನೋ ಸುಳ್ಳು ಮೆಸೇಜು ಅತ್ತಿಗೆ."

"ಸುಳ್ಳೋ ನಿಜವೋ, ಜೋರಾಗಿ ಓದು."

ನಾದಿನಿ ಓದಿದಳು. "'ಈ ಫೋನಿನ ಮಾಲೀಕರು ತೀವ್ರ ಅಪಘಾತಕ್ಕೆ ಒಳಗಾಗಿರುವಂತೆ ತೋರುತ್ತದೆ. ಅವರು ಉತ್ತರಿಸುತ್ತಿಲ್ಲ. ಅವರು ಇರುವ ಸ್ಥಳ ಇಲ್ಲಿದೆ.' ಅಣ್ಣನ ಹೊಸ ಫೋನಿಂದ ಬಂದಿದೆ."

ಕಂಬಳಿ ಧೊಪ್ಪನೆ ನೀರಿಗೆ ಬಿತ್ತು. ಯಾರ ಕೈಯಿಂದ ಮೊದಲು ಜಾರಿತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ನಾದಿನಿ ಅಣ್ಣನಿಗೆ ಕರೆ ಮಾಡಿದಳು. ಗಂಟೆ ಹೊಡೆಯಿತು, ಹೊಡೆಯಿತು, ಹೊಡೆದು ಸುಮ್ಮನಾಯಿತು. ಮತ್ತೆ ಮಾಡಿದಳು. ಹಳೆಯ ಫೋನಿದ್ದಾಗ ಅವನು ಅದನ್ನು ಎಲ್ಲೆಂದರಲ್ಲಿ ಎಸೆದಿರುತ್ತಿದ್ದ. ಅವನು ಕೈಗೆ ಸಿಗದಿದ್ದರೂ ಪಕ್ಕದಲ್ಲಿದ್ದವರು ಯಾರಾದರೂ ಎತ್ತಿ, "ಮೇಸ್ತ್ರಿ ಗ್ರೀಸ್ ಹಚ್ತಿದ್ದಾರೆ ಅಕ್ಕಾ" ಅನ್ನುತ್ತಿದ್ದರು. ಈಗ ಎತ್ತುವವರೇ ಇಲ್ಲ.

"ಹೋಗೋಣ" ಅಂದಳು ಅವಳು. ತನ್ನ ದನಿ ತನಗೇ ಎಲ್ಲೋ ದೂರದಿಂದ ಬಂದಹಾಗೆ ಕೇಳಿಸಿತು.

ಮೆಟ್ಟಿಲಿಳಿದು, ಮೊಳೆಗೆ ತೂಗುಹಾಕಿದ್ದ ಚೀಲ ಎಳೆದುಕೊಂಡು, ಬಾಗಿಲಿಗೆ ಬೀಗ ಹಾಕಿದಳೋ ಇಲ್ಲವೋ ಅನ್ನುವ ನೆನಪೂ ಇಲ್ಲದೆ ಬೀದಿಗೆ ಬಿದ್ದಳು. ಅರ್ಧ ದಾರಿಗೆ ಬಂದಾಗ ಕಾಲು ನೋಡಿಕೊಂಡರೆ ಒಂದು ಚಪ್ಪಲಿ ತನ್ನದು, ಇನ್ನೊಂದು ನಾದಿನಿಯದು.

ಬಸ್ಸು ಸಿಕ್ಕಿತು. ಆದರೆ ಭಯ ಹೊತ್ತವರ ಬಸ್ಸು ಎಂದಾದರೂ ಬೇಗ ಹೋಗಿದ್ದುಂಟೇ? ಕೈ ತೋರಿಸಿದವರಿಗೆಲ್ಲ ನಿಲ್ಲಿಸಿ, ತರಕಾರಿ ಮೂಟೆ ಇಳಿಸಿ, ಚಿಲ್ಲರೆ ಜಗಳ ಮುಗಿಸಿ, ಬಸುರಿ ಹೆಂಗಸಿನ ಹಾಗೆ ಏದುಸಿರು ಬಿಡುತ್ತಾ ಹೊರಟಿತು. ನಾದಿನಿ ಆ ಹಳೆಯ ಫೋನಿನಲ್ಲೇ ನಕ್ಷೆ ತೆರೆದಳು. ಅದರಲ್ಲೊಂದು ಚುಕ್ಕಿ ಮಿಣುಕುತ್ತಿತ್ತು.

"ಎಲ್ಲಿದೆ?"

"ಪಾರ್ಕಿನೊಳಗೇ ಇದೆ."

"ಅಲ್ಲಾಡ್ತಿದೆಯಾ?"

ನಾದಿನಿ ನಕ್ಷೆಯನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು. "ಇಲ್ಲ" ಅಂದಳು ಆಮೇಲೆ.

ಊರಾಚೆಯ ಆಟದ ಪಾರ್ಕಿನಲ್ಲಿ ಅವಳ ಗಂಡ ಮೇಸ್ತ್ರಿ. ಅಲ್ಲಿನ ದೊಡ್ಡ ರೋಲರ್ ಕೋಸ್ಟರಿಗೆ ಬೋರ್ಡಿನ ಮೇಲೆ ಏನೋ ಮಿಂಚುವ ಹೆಸರಿತ್ತು. ಕೆಲಸದವರು ಮಾತ್ರ ಅದನ್ನು ಹಾವುಗಾಡಿ ಅನ್ನುತ್ತಿದ್ದರು. ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಸೀಟುಗಳಲ್ಲಿ ಮರಳುಮೂಟೆ ಕೂರಿಸಿ ಒಂದು ಸುತ್ತು ಬಿಡುವುದು, ಆಮೇಲೆ ಒಬ್ಬ ಮನುಷ್ಯ ಕೂತು ಒಂದು ಸುತ್ತು ಹೋಗಿಬರುವುದು ಅಲ್ಲಿಯ ಪದ್ಧತಿ. ಆ ಒಬ್ಬ ಮನುಷ್ಯ ಅವಳ ಗಂಡ. "ಮರಳುಮೂಟೆ ಭಾರ ಕೊಡುತ್ತೆ, ಬಾಯಿ ಬಿಡಲ್ಲ" ಅನ್ನುತ್ತಿದ್ದ ಅವನು. ಕಣ್ಣು ಮುಚ್ಚಿ ಕೂತು, ಏರಿನಲ್ಲಿ ಇಳಿಜಾರಿನಲ್ಲಿ ಚಕ್ರಗಳ ಸದ್ದು ಕೇಳುತ್ತಾ ಹೋಗುತ್ತಿದ್ದ. ಇಳಿದು ಬಂದು "ಮೂರನೇ ಡಬ್ಬಿಯ ಕೆಳಗಿನ ಚಕ್ರ ಗೊಣಗ್ತಿದೆ ನೋಡ್ರೋ" ಅಂದರೆ, ಬಿಚ್ಚಿ ನೋಡಿದವರಿಗೆ ಅಲ್ಲೇ ಏನಾದರೊಂದು ಸಿಗುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕಿವಿಮೇಸ್ತ್ರಿ.

ಅಂಥ ಕಿವಿಯೇ ಕೈ ಕೊಡತೊಡಗಿತ್ತು. ಕಳೆದ ವರ್ಷ ಒಂದು ದಿನ, ಇದೇ ತಾರಸಿಯ ಮೇಲೆ, ಅವನು ಬಟ್ಟೆ ಒಣಹಾಕುವ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ತಂತಿ ತೂಗಿದ ಹಾಗೆಲ್ಲ ಅವನೂ ತೂಗುತ್ತಿದ್ದ. ಏನ್ರೀ ಅಂದರೆ, "ಊರೇ ತಿರುಗ್ತಿದೆ ಕಣೇ, ನಿಲ್ಸೋಕೆ ಹೇಳು" ಅಂದಿದ್ದ. ಅವನನ್ನು ಎಳೆದುಕೊಂಡು ಹೋಗಿ ತೋರಿಸಿದ್ದಾಯಿತು. ಮೈ ತೂಕ ತಪ್ಪದ ಹಾಗೆ ನೋಡಿಕೊಳ್ಳುವ ಕೆಲಸ ಕಿವಿಯ ಒಳಗೇ ನಡೆಯುತ್ತದೆ, ಅಲ್ಲೇ ತೊಂದರೆ, ತಲೆ ಸುತ್ತುತ್ತದೆ, ಎಡಗಿವಿ ಮಂದವಾಗುತ್ತಾ ಹೋಗುತ್ತದೆ, ಎತ್ತರದ ಕೆಲಸ ಬಿಡಿ ಅಂದರು ಡಾಕ್ಟರು. ಹೊರಗೆ ಬಂದು ಅವನು ನಕ್ಕಿದ್ದ. "ಡಾಕ್ಟರಿಗೇನಂತೆ, ಅವರಿಗೆ ಕುರ್ಚಿಯೇ ಎತ್ತರ."

ಅವಳು ಪಾರ್ಕಿನ ಸೀಟುಗಳಿಗೆ ಮನೆಯಲ್ಲೇ ಹೊದಿಕೆ ಹೊಲಿದು ಕೊಡುವವಳು. ದಪ್ಪ ಸೂಜಿ ಹಿಡಿದು ಹಿಡಿದು ಬೆರಳು ಜಡ್ಡುಗಟ್ಟಿತ್ತು. ಆ ಬೆರಳಲ್ಲೇ ಪೆನ್ನು ಹಿಡಿದು, ಬೇರೆ ಊರಲ್ಲಿದ್ದ ಪಾರ್ಕಿನ ಯಜಮಾನರಿಗೆ ಒಂದು ಕಾಗದ ಬರೆದಳು. ನನ್ನ ಗಂಡನಿಗೆ ತಲೆಸುತ್ತು ಬರುತ್ತಿದೆ, ಎಡಗಿವಿ ಕೇಳಿಸುವುದಿಲ್ಲ, ಮೊದಲ ಸುತ್ತಿಗೆ ಬೇರೆಯವರನ್ನು ಹಾಕಿ, ಇವರಿಗೆ ನೆಲದ ಮೇಲಿನ ಕೆಲಸ ಏನಾದರೂ ಕೊಡಿ ಅಂತ. ಅಂಚೆಚೀಟಿಯನ್ನೂ ಅಂಟಿಸಿದಳು. ಅವನ ಕಣ್ಣಿಗೆ ಬಿತ್ತು.

"ಹೆಂಡತಿ ಕಾಗದ ಬರೆದು ಗಂಡನ್ನ ಕೆಳಗಿಳಿಸಿದ್ಲು ಅಂತ ನಾಲ್ಕು ಜನ ಆಡ್ಕೊಳ್ಳಲಿ ಅಂತಲಾ? ನಾನು ಹೇಳೋ ತನಕ ಕಳಿಸಲ್ಲ ಅಂತ ಮಾತು ಕೊಡು."

ಕೊಟ್ಟಿದ್ದಳು. ಅಂದಿನಿಂದ ಆ ಕಾಗದ ಅವಳ ಚೀಲದಲ್ಲಿ ಬಸ್ ಪಾಸಿನ ಕೆಳಗೆ ಮಲಗಿತ್ತು.

ಆಮೇಲೆ ಬಂತು ಆ ಫೋನು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಮೇಲಿನದು. ಅದರ ಬೆಲೆ ಕೇಳಿ ಅವಳು ಹೊಲಿಗೆ ಮೆಷಿನ್ನಿನ ಮೇಲೇ ಕೈ ಇಟ್ಟು ಕೂತುಬಿಟ್ಟಿದ್ದಳು.

"ಅಷ್ಟು ಕೊಟ್ಟು ತರೋ ಅಂಥದ್ದು ಏನ್ರೀ ಇದೆ ಇದರಲ್ಲಿ? ಇದರಲ್ಲಿ ಮಾತಾಡಿದ್ರೆ ಮಾತು ಸಿಹಿಯಾಗುತ್ತಾ?"

"ನಿನ್ನ ಭಯಕ್ಕೆ ಅಂತಲೇ ತಂದೆ ಕಣೇ. ನಾನು ಬಿದ್ರೆ, ಏಟು ತಿಂದ್ರೆ, ಇದು ತಾನೇ ನಿನಗೆ ಹೇಳುತ್ತೆ, ಆಂಬುಲೆನ್ಸಿಗೂ ಹೇಳುತ್ತೆ. ಇನ್ನು ಆ ಕಾಗದ ಒಲೆಗೆ ಹಾಕು."

ಅದಕ್ಕೊಂದು ಉಣ್ಣೆಯ ಕಾಲುಚೀಲ ಹುಡುಕಿ, ಒಳಗೆ ತೂರಿಸಿ, ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ. "ಅಣ್ಣಾ, ಫೋನಿಗೆ ಮಂಚ ಸಾಲದಿದ್ರೆ ಹೇಳು, ಅತ್ತಿಗೆ ನನ್ನ ಕೋಣೆಗೆ ಬರ್ತಾರೆ" ಅಂತ ನಾದಿನಿ ಛೇಡಿಸಿದ್ದಳು.

ಅವಳು ಕಾಗದವನ್ನು ಒಲೆಗೆ ಹಾಕಲಿಲ್ಲ. ಯಾಕೆ ಅಂತ ಆಗ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಈಗ ಬಸ್ಸಿನಲ್ಲಿ ಕೂತು, ಒಣಗಿದ ನೊರೆ ಮೆತ್ತಿದ ತನ್ನ ಕೈಗಳನ್ನೇ ನೋಡುತ್ತಾ, ಅವಳು ಏನೇನೋ ಯೋಚಿಸಿದಳು. ಅವನು ಕೂರುವ ಮುಂದಿನ ಡಬ್ಬಿಯ ಹೆಗಲಪಟ್ಟಿಯ ಹೊದಿಕೆ ತಾನೇ ಹೊಲಿದದ್ದು. ಅದು ಬರೀ ಮೇಲುಬಟ್ಟೆ, ಮನುಷ್ಯನನ್ನು ಹಿಡಿಯುವುದು ಒಳಗಿನ ಕಬ್ಬಿಣ ಅಂತ ಚೆನ್ನಾಗಿ ಗೊತ್ತಿದ್ದರೂ, ಆ ಹೊಲಿಗೆ ಬಿಟ್ಟಿತೇ, ದಾರ ಹಳೆಯದಿತ್ತೇ, ಕೊನೆಯ ಗಂಟು ಹಾಕಿದ್ದೆನೇ ಅಂತ ಮನಸ್ಸು ಅಲ್ಲೇ ಸುತ್ತಿತು. ಕೊಟ್ಟ ಮಾತು ಉಳಿಸಿಕೊಂಡೆ, ಮನುಷ್ಯನನ್ನು ಉಳಿಸಿಕೊಂಡೆನೇ?

ಹಿಂದಿನಿಂದ ಒಂದು ಕೂಗು ಹತ್ತಿರವಾಗುತ್ತಾ ಬಂತು. ಬಸ್ಸು ಪಕ್ಕಕ್ಕೆ ಸರಿಯಿತು. ಕಿಟಕಿಯ ಆಚೆ ದೀಪ ತಿರುಗಿಸುತ್ತಾ ಆಂಬುಲೆನ್ಸು ಹಾದುಹೋಯಿತು. ಅದು ಮುಂದಿನ ತಿರುವಿನಲ್ಲಿ ಎಡಕ್ಕೆ ಹೊರಳಿತು. ಎಡಕ್ಕೆ ಇದ್ದದ್ದು ಪಾರ್ಕಿನ ದಾರಿ ಒಂದೇ.

"ಏ, ಏನಾದ್ರೂ ಮಾತಾಡೇ" ಅಂದಳು ಅವಳು.

ನಾದಿನಿ ಬಾಯಿ ತೆರೆದಳು, ಮುಚ್ಚಿದಳು. ಹುಟ್ಟಿದಾಗಿನಿಂದ ಸುಮ್ಮನಿದ್ದು ಗೊತ್ತಿಲ್ಲದ ಹೆಂಗಸು. ಅವಳ ಬಾಯಿ ಕಟ್ಟಿದ್ದು ನೋಡಿ ಮೇಸ್ತ್ರಿಯ ಹೆಂಡತಿಗೆ ಆಂಬುಲೆನ್ಸು ಕಂಡಾಗ ಆದದ್ದಕ್ಕಿಂತ ಹೆಚ್ಚು ಭಯವಾಯಿತು. ಮರಗಳ ಮೇಲೆ ಹಾವುಗಾಡಿಯ ಗೂನುಬೆನ್ನು ಕಾಣಿಸಿತು. ಅದರ ಮೇಲೆ ಏನೂ ಓಡುತ್ತಿರಲಿಲ್ಲ.

ಪಾರ್ಕಿನ ಗೇಟಿನ ಹೊರಗೆ ಶಾಲೆಯ ಮಕ್ಕಳು ಹಳದಿ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಒಳಗೆ ನಿಂತಿದ್ದ ಆಂಬುಲೆನ್ಸನ್ನು ನೋಡಲು ಒಂದರ ಬೆನ್ನ ಮೇಲೊಂದು ಹತ್ತುತ್ತಿದ್ದವು. ಗೇಟಿನವನು ಅವಳನ್ನು ಕಂಡವನೇ ಮುಖ ಬೇರೆ ಕಡೆ ತಿರುಗಿಸಿದ.

"ನಮ್ಮೋರು ಎಲ್ಲಪ್ಪಾ?"

"ಅಕ್ಕಾ... ಹಾವುಗಾಡಿ ಕೆಳಗೆ ಯಾರೋ ಬಿದ್ದಿದ್ದಾರಂತೆ. ಆಂಬುಲೆನ್ಸಿನವರು ಬಂದು ಹೇಳಿದ ಮೇಲೇ ನಮಗೂ ಗೊತ್ತಾಗಿದ್ದು. ಎಲ್ಲರೂ ಹುಡುಕ್ತಿದ್ದಾರೆ."

"ಯಾರೋ ಅಂದ್ರೆ ಯಾರು? ಮೇಸ್ತ್ರಿ ಎಲ್ಲಿ?"

"ಮೊದಲ ಸುತ್ತು ಹತ್ತಿದ್ದು ನೋಡ್ದೆ ಅಕ್ಕಾ" ಅಂದ ಅವನು, ನೆಲ ನೋಡುತ್ತಾ. "ಇಳಿದಿದ್ದು ನೋಡ್ಲಿಲ್ಲ."

ಅವಳು ಓಡಿದಳು. ಹಳಿಗಳ ಕೆಳಗೆ ಯಾರೂ ಹೋಗದ ಜಾಗ, ಸೊಂಟದುದ್ದ ಕಳೆ ಬೆಳೆದಿತ್ತು. ಕಬ್ಬಿಣದ ಕಂಬಗಳ ನಡುವೆ ಒಂದು ಸ್ಟ್ರೆಚರು ಬಿಚ್ಚಿ ಇಟ್ಟಿದ್ದರು. ಅದರ ಮೇಲೆ ಮಡಿಚಿದ ಬಿಳಿ ಬಟ್ಟೆ. ಅಲ್ಲಲ್ಲಿ ಗಂಡಸರು ಕಳೆ ಸರಿಸಿ ಬಗ್ಗಿ ನೋಡುತ್ತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಎದುರಿನ ಪೊದೆಯ ಮೇಲೆ ನೀಲಿ ಬಣ್ಣದ್ದೇನೋ ಸಿಕ್ಕಿಕೊಂಡಿತ್ತು. ಅವಳು ಹತ್ತಿರ ಹೋದಳು. ಗಂಡನ ಟೋಪಿ. ಹರಿದಿದ್ದ ಅಂಚಿಗೆ ಅವಳೇ ಕಪ್ಪು ದಾರದಲ್ಲಿ ಹಾಕಿದ ಹೊಲಿಗೆ.

ಟೋಪಿ ಎತ್ತಿಕೊಳ್ಳಲು ಕೈ ಚಾಚಿದಳು. ಕೈ ಅಲ್ಲಿಯ ತನಕ ಹೋಗಲಿಲ್ಲ. ಎತ್ತಿದರೆ ಅದರ ಕೆಳಗೆ ಏನಿರುತ್ತದೋ ಅನ್ನುವುದು ಅವಳನ್ನು ಕಟ್ಟಿಹಾಕಿತ್ತು.

"ಆ ಕಡೆ ಪೂರ್ತಿ ನೋಡಿದ್ರೇನ್ರೋ? ನಾನು ಈ ಕಂಬದ ಹಿಂದೆ ನೋಡ್ತೀನಿ. ಉಸಿರಿದ್ರೆ ನರಳೋದಾದ್ರೂ ಕೇಳಿಸ್ಬೇಕಿತ್ತಲ್ಲ ಪಾಪ."

ಅದು ಅವನ ದನಿ.

ಕಂಬದ ಹಿಂದಿನಿಂದ, ಉದ್ದನೆಯ ಕೋಲಿನಲ್ಲಿ ಕಳೆ ಸರಿಸುತ್ತಾ, ಅವಳ ಗಂಡ ಬಂದ. ಹೆಂಡತಿಯನ್ನು ನೋಡಿ ಬೆಚ್ಚಿದ.

"ಲೇ, ನೀನ್ಯಾಕೆ ಬಂದೆ ಇಲ್ಲಿಗೆ? ಹೋಗು ಹೋಗು, ಹತ್ತಿರ ಬರಬೇಡ. ಇಲ್ಲಿ ಯಾರೋ ಬಿದ್ದಿದ್ದಾರೆ, ನಿನ್ನ ಕೈಲಿ ನೋಡೋಕಾಗಲ್ಲ."

ಅವಳು ಟೋಪಿ ಎತ್ತಿ ಅವನ ಕಡೆ ಚಾಚಿದಳು.

"ಅಣ್ಣಾ," ಅಂದಳು ಹಿಂದಿನಿಂದ ಏದುಸಿರು ಬಿಡುತ್ತಾ ಬಂದ ನಾದಿನಿ, "ಬಿದ್ದಿರೋದು ನೀನೇ ಕಣೋ."

"ನಾನಾ?"

"ನಿನ್ನ ಫೋನು ಹೇಳ್ತು. ನೀನು ಬಿದ್ದೆ, ಏಟು ತಿಂದೆ, ಉತ್ತರ ಕೊಡ್ತಿಲ್ಲ ಅಂತ. ನಮಗೂ ಹೇಳ್ತು, ಇವರಿಗೂ ಹೇಳ್ತು."

ಆಂಬುಲೆನ್ಸಿನವನು ಕೈಗವಸು ಕಳಚುತ್ತಾ ಮೇಸ್ತ್ರಿಯನ್ನು ತಲೆಯಿಂದ ಕಾಲಿನ ತನಕ ನೋಡಿದ. "ಅಲ್ಲ ಸ್ವಾಮಿ, ಬಂದಾಗಿಂದ ನಮ್ಮ ಜೊತೆ ಸೇರ್ಕೊಂಡು ನಿಮ್ಮನ್ನೇ ಹುಡುಕ್ತಿದ್ದೀರಲ್ಲ! ಸಿಕ್ಕಿದ್ರೆ ಏನು ಮಾಡೋಣ ಅಂತಿದ್ರಿ?"

ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಳಿಜಾರಲ್ಲಿ ಗಾಳಿಗೆ ಟೋಪಿ ಹಾರಿತ್ತು, ಗಾಡಿಯ ಎಳೆತಕ್ಕೆ ಫೋನು ನಾನೇ ಬಿದ್ದೆ ಅಂದ್ಕೊಂಡಿದೆ" ಅಂತ ಮೇಸ್ತ್ರಿಯೂ ನಕ್ಕ. ಅವಳಿಗೆ ಮಾತ್ರ ನಗು ಬರಲಿಲ್ಲ. ನಗುವಾಗ ಅವನು ಒಂದು ಕೈಯಿಂದ ಕಂಬ ಹಿಡಿದುಕೊಂಡದ್ದನ್ನು ಅವಳು ನೋಡಿದ್ದಳು. ಅಲ್ಲಿಂದ ಹೊರಟಾಗಲೂ ಅವನು ಒಂದು ಕಂಬ ಬಿಟ್ಟು ಇನ್ನೊಂದು ಕಂಬ ಹಿಡಿಯುತ್ತಲೇ ನಡೆದ.

ಮ್ಯಾನೇಜರಮ್ಮ ಎದುರಾದರು. "ಏನು ಮೇಸ್ತ್ರಿ ಇದೆಲ್ಲ ರಾದ್ಧಾಂತ? ಮಕ್ಕಳು ಬಿಸಿಲಲ್ಲಿ ನಿಂತಿದ್ದಾರೆ. ಗಾಡಿ ಸರಿ ಇದೆ ತಾನೇ? ಗೇಟು ತೆಗೆಸ್ಲಾ?"

"ಒಂದು ನಿಮಿಷ ಅಮ್ಮಾ. ಕೇಳಿ ಹೇಳ್ತೀನಿ."

"ಯಾರನ್ನ ಕೇಳಿ?"

ಅವನು ಸಾಮಾನು ಕೋಣೆಯ ಕಡೆ ಹೋದ. ಹೆಂಡತಿಯೂ ತಂಗಿಯೂ ಹಿಂದೆ ಹೋದರು.

ಸ್ಪ್ಯಾನರು, ಎಣ್ಣೆಡಬ್ಬ, ಹಳೆಯ ಚಕ್ರಗಳು ತುಂಬಿದ್ದ ಆ ಕೋಣೆಯ ಮೂಲೆಯಲ್ಲಿ ಕಬ್ಬಿಣದ ಕಪಾಟಿತ್ತು. ಅವನು ಸೊಂಟದ ಬೀಗದಕೈಯಿಂದ ಕಪಾಟು ತೆರೆದ. ಅದರೊಳಗೆ ಒಂದು ತಗಡಿನ ಡಬ್ಬ, ಡಬ್ಬದೊಳಗೆ ಉಣ್ಣೆಯ ಕಾಲುಚೀಲ, ಕಾಲುಚೀಲದೊಳಗೆ ಫೋನು.

"ಇಷ್ಟು ಬಂದೋಬಸ್ತಿನಲ್ಲಿದ್ರೆ ಎತ್ತೋರು ಯಾರು?" ಅಂದಳು ನಾದಿನಿ. "ಕರೆದೂ ಕರೆದೂ ನನ್ನ ಬೆರಳು ಸವೀತು."

"ಅಷ್ಟು ಬೆಲೆಯದ್ದನ್ನ ಜೇಬಲ್ಲಿಟ್ಕೊಂಡು ಗ್ರೀಸ್ ಹಚ್ಚೋಕಾಗುತ್ತೇನೇ? ಇಳಿದ ತಕ್ಷಣ ಒಳಗಿಟ್ಟುಬಿಡ್ತೀನಿ."

"ಗಾಡಿ ಹತ್ತುವಾಗ ಮಾತ್ರ ಜೇಬಲ್ಲಿರುತ್ತಾ?" ಅಂದಳು ಹೆಂಡತಿ. ಅವಳ ದನಿ ಕೇಳಿ ಅವನು ತಿರುಗಿದ. "ಗ್ರೀಸಿಗೆ ಹೆದರೋರು, ಅಷ್ಟು ಎತ್ತರಕ್ಕೆ ಯಾಕೆ ಒಯ್ತೀರಿ?"

ಅವನು ಫೋನನ್ನು ಅಂಗಿಯ ತುದಿಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಎಡಗಿವಿ ಪೂರ್ತಿ ಹೋಗಿದೆ ಕಣೇ" ಅಂದ. "ಒಂದು ಕಿವೀಲಿ ಸದ್ದು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಲ್ಲ. ಇದರ ಕಿವಿ ಮನುಷ್ಯರ ಕಿವಿಗಿಂತ ಚುರುಕು ಅಂದ ಅಂಗಡಿಯವನು. ಅದಕ್ಕೇ ತಂದೆ. ನಿನ್ನ ಭಯಕ್ಕೆ ಅಂದಿದ್ದು ಬಾಯಿಮಾತಿಗೆ. ಹತ್ತುವಾಗ ಒತ್ತಿಬಿಡ್ತೀನಿ, ಇದು ಸದ್ದು ಹಿಡ್ಕೊಳ್ಳುತ್ತೆ. ತಲೆಸುತ್ತು ಇಳಿದ ಮೇಲೆ ಬಲಗಿವಿಗೆ ಇಟ್ಟು ನಿಧಾನವಾಗಿ ಕೇಳ್ತೀನಿ. ತಂದಾಗಿಂದ ಚಕ್ರ ಬೆಣ್ಣೆಯಲ್ಲಿ ಓಡಿದ ಹಾಗೆ ಓಡ್ತಿದೆ. ಮೆಲ್ಲಗೆ ಸುಯ್ ಅನ್ನುತ್ತೆ ಅಷ್ಟೆ, ಒಂದು ಗೊಣಗಾಟ ಇಲ್ಲ."

"ಇವತ್ತಿಂದು ಕೇಳಿದ್ರಾ?"

"ಇನ್ನೂ ಇಲ್ಲ. ಅಷ್ಟರಲ್ಲಿ ಆಂಬುಲೆನ್ಸು ಬಂತಲ್ಲ."

ನಾದಿನಿ ಅವನ ಕೈಯಿಂದ ಫೋನು ತೆಗೆದುಕೊಂಡು, ಸದ್ದು ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ, ಒತ್ತಿದಳು.

ಮೊದಲು ಏನೂ ಇರಲಿಲ್ಲ. ದೂರದಲ್ಲೆಲ್ಲೋ ಗಾಳಿ ಸುಳಿದಂಥ ಒಂದು ಸುಯ್ಲು. ಆಮೇಲೆ, ಇದೇ ಕೋಣೆಯಲ್ಲಿ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ, ಅವನ ದನಿ ಬಂತು.

"ಅಮ್ಮಾ... ಅಯ್ಯೋ... ಹಿಡ್ಕೋ... ಲೇ, ಎಲ್ಲಿದ್ದೀಯೇ, ಹಿಡ್ಕೊಳೇ ನನ್ನ... ಬೀಳ್ತಿದ್ದೀನಿ ಕಣೇ..."

ಆಮೇಲೆ ಉಸಿರು. ಹಲ್ಲು ಕಚ್ಚಿ, ಎಳೆದು ಎಳೆದು ಬಿಟ್ಟ ಉಸಿರು. ಆಮೇಲೆ ಮತ್ತೆ ಅವಳನ್ನೇ ಕರೆದದ್ದು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದದ್ದಿಲ್ಲ. ಅವನ ಕಿವಿ ತುದಿಯವರೆಗೂ ಕೆಂಪಾಗಿತ್ತು.

"ನಿಲ್ಸು" ಅಂದ.

"ನಿಲ್ಸ್ತೀನಿ. ಆದ್ರೆ ಅಣ್ಣಾ," ನಾದಿನಿ ಹುಬ್ಬು ಗಂಟಿಕ್ಕಿದಳು, "ಗಾಡಿ ಎಲ್ಲಿ?"

"ಅಂದ್ರೆ?"

"ಹಾವುಗಾಡಿ ಓಡಿದ್ರೆ ಬಸ್‌ಸ್ಟಾಪಿನ ತನಕ ಕೇಳುತ್ತೆ. ಇದರಲ್ಲಿ ಗಾಡಿಯೇ ಇಲ್ವಲ್ಲ. ನೀನು ಮನೇಲಿ ಮಂಚದ ಮೇಲೆ ಕೂತು ಕೂಗಿದ ಹಾಗಿದೆ."

ಅವನು ಫೋನು ಕಿತ್ತುಕೊಂಡು ಬಲಗಿವಿಗೆ ಒತ್ತಿ ಮತ್ತೆ ಕೇಳಿದ. ಕಬ್ಬಿಣ ಇರಲಿಲ್ಲ. ಸರಪಳಿಯ ಕಟಕಟ ಇರಲಿಲ್ಲ. ಒಂದು ಚಕ್ರವೂ ಇರಲಿಲ್ಲ. ಅವನ ಹೆದರಿಕೆಯೊಂದೇ ಅಕ್ಷರ ಅಕ್ಷರವಾಗಿ ಉಳಿದಿತ್ತು.

"ನಾನು ಕೆಲಸ ಮಾಡೋ ಹೊಲಿಗೆ ಅಂಗಡಿಯ ಮಾಲೀಕರ ಹತ್ರಾನೂ ಇಂಥದ್ದೇ ಇದೆ" ಅಂದಳು ನಾದಿನಿ ಮೆಲ್ಲಗೆ. "ಅಷ್ಟು ಮೆಷಿನ್ ಮಧ್ಯೆ ನಿಂತು ಮಾತಾಡಿದ್ರೂ ಆ ಕಡೆಯೋರಿಗೆ ಮಾತಷ್ಟೇ ಕೇಳುತ್ತಂತೆ. ಉಳಿದದ್ದೆಲ್ಲ ಗದ್ದಲ ಅಂದ್ಕೊಂಡು ಅದೇ ಅಳಿಸಿಬಿಡುತ್ತೆ. ಅದಕ್ಕೇ ಅಷ್ಟು ಬೆಲೆ ಅಂತಿದ್ರು."

ಅವನು ಎಣ್ಣೆಡಬ್ಬದ ಮೇಲೆ ಕೂತ. "ಹಾಗಾದ್ರೆ ಇಷ್ಟು ದಿನ ನಾನು ಕೇಳಿದ್ದು?"

ಅದ್ಯಾವುದೂ ಚಕ್ರದ ಸದ್ದಲ್ಲ. ಹೇಳುವ ಅಗತ್ಯ ಇರಲಿಲ್ಲ. ಹೊರಗೆ ಮಕ್ಕಳ ಕಲರವ ಕೇಳುತ್ತಿತ್ತು. ಯಾರೋ ಸಾಲು ಸರಿಮಾಡುತ್ತಾ ಗದರುತ್ತಿದ್ದರು. ತಾರಸಿಯಿಂದ ಇಲ್ಲಿಯವರೆಗೆ ಅವಳು ಹೊತ್ತು ತಂದಿದ್ದ ಭಯ ಒಬ್ಬ ಗಂಡಸಿನದಾಗಿತ್ತು. ಆ ಗಂಡಸು ಇಲ್ಲೇ ಕಣ್ಣೆದುರಿಗೆ ಕೂತಿದ್ದಾನೆ, ಮೂಗುಬಾಯಿ ಎಲ್ಲ ನೆಟ್ಟಗಿದೆ. ಆದರೂ ಭಯ ಇಳಿಯಲಿಲ್ಲ. ಅದು ಗೇಟಿನಾಚೆ ಹೋಗಿ ಹಳದಿ ಟೋಪಿಗಳ ಸಾಲಿನಲ್ಲಿ ನಿಂತುಕೊಂಡಿತ್ತು.

"ಏಳಿ" ಅಂದಳು.

ಅವನು ಎದ್ದ. ಎದ್ದವನು ಗೋಡೆಗೆ ಕೈ ಚಾಚಲಿಲ್ಲ, ಅವಳ ಹೆಗಲಿಗೆ ಚಾಚಿದ. ಕೆಲಸದವರೆಲ್ಲ ನೋಡುವ ಹಾಗೆ, ಹೆಂಡತಿಯ ಹೆಗಲು ಹಿಡಿದುಕೊಂಡೇ ಮ್ಯಾನೇಜರಮ್ಮನ ಮುಂದೆ ಹೋಗಿ ನಿಂತ.

"ಗಾಡಿ ಬಿಡಬೇಡಿ ಅಮ್ಮಾ. ನಾನು ಕೇಳಿಲ್ಲ. ಇವತ್ತೂ ಕೇಳಿಲ್ಲ, ಇಷ್ಟು ದಿನವೂ ಕೇಳಿಲ್ಲ."

ಮ್ಯಾನೇಜರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಮುಖ ಸುಣ್ಣದ ಹಾಗಾಯಿತು. ಮಕ್ಕಳನ್ನು ದೋಣಿಯಾಟದ ಕಡೆ ಕಳಿಸಿದರು. ಸ್ಪ್ಯಾನರಿನವರು ಗಾಡಿಯ ಹೊಟ್ಟೆಯಡಿ ಮಲಗಿ ಚಕ್ರಗಳನ್ನು ಒಂದೊಂದಾಗಿ ಬಿಚ್ಚಿದರು. ಅವಳು ಬೇಲಿ ಹಿಡಿದು ನಿಂತು ನೋಡಿದಳು. ಕೊನೆಯ ಡಬ್ಬಿಯ ಕೆಳಗಿನ ಒಂದು ಚಕ್ರ ಬಿಚ್ಚಿದ ಹಿರಿಯ, ಅದನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮೇಲಿನ ಪದರ ಅಂಚಿನುದ್ದಕ್ಕೂ ಸೀಳಿತ್ತು.

"ಇವತ್ತೇ ಏನೂ ಆಗ್ತಿರಲಿಲ್ಲವೇನೋ" ಅಂದ ಆತ, ಮೇಸ್ತ್ರಿಯ ಮುಖ ನೋಡದೆ. "ಯಾವತ್ತು ಅಂತ ಅದೇನು ಹೇಳಿ ಕಳಿಸ್ತಿತ್ತಾ?"

ಮ್ಯಾನೇಜರಮ್ಮ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದರು. "ನೋಡಿ, ಇದನ್ನ ನಾನು ಯಜಮಾನರಿಗೆ ಬರೆದು ಕಳಿಸಿದ್ರೆ ಮೊದಲು ನಿಮ್ಮ ಕುತ್ತಿಗೆಗೆ, ಆಮೇಲೆ ನನ್ನ ಕುತ್ತಿಗೆಗೆ. ಚಕ್ರ ಸವೆದಿತ್ತು, ಬದಲಾಯಿಸಿದ್ವಿ ಅಂತ ಮುಗಿಸಿಬಿಡೋಣ. ಒಂದಷ್ಟು ದಿನ ಮನೇಲಿರಿ. ಸ್ವಲ್ಪ ಸುಧಾರಿಸಿದ ಮೇಲೆ ಮತ್ತೆ ಬನ್ನಿ. ನಿಮ್ಮಷ್ಟು ಅನುಭವ ಇಲ್ಲಿ ಯಾರಿಗಿದೆ?"

ಒಳ್ಳೆಯ ಮಾತು. ಎಲ್ಲರೂ ಉಳಿಯುವ ಮಾತು. ಅವಳು ಗಂಡನ ಮುಖ ನೋಡಿದಳು. ಆ ಮುಖ ಆ ಮಾತಿನ ಕಡೆ ವಾಲಿದ್ದನ್ನೂ, ಒಂದು ಗಳಿಗೆ ಅಲ್ಲೇ ನಿಂತದ್ದನ್ನೂ ನೋಡಿದಳು. ಈಗಲೂ ಅವಳು ಬಾಯಿ ಬಿಡುವಂತಿರಲಿಲ್ಲ. ಮಾತು ಕೊಟ್ಟಾಗಿತ್ತು.

"ಯೋಚನೆ ಮಾಡ್ತೀನಿ ಅಮ್ಮಾ" ಅಂದ ಅವನು.

ಮೂವರೂ ಗೇಟಿನ ಹೊರಗೆ ಬಂದರು. ಬಸ್‌ಸ್ಟಾಪಿನ ಪಕ್ಕ ಒಂದು ಅಂಚೆಡಬ್ಬ ಇತ್ತು, ಬಣ್ಣ ಹೋಗಿ ತುಕ್ಕು ಹಿಡಿದದ್ದು. ಅವನು ಅದನ್ನು ದಾಟಿ ಎರಡು ಹೆಜ್ಜೆ ಹೋದ. ನಿಂತ.

"ಆ ಕಾಗದ ಸುಟ್ಟೆಯಾ?"

ಅವಳು ಚೀಲದ ಬಾಯಿ ಬಿಚ್ಚಿ, ಬಸ್ ಪಾಸಿನ ಕೆಳಗಿನಿಂದ ಅದನ್ನು ತೆಗೆದಳು. ಮೂಲೆಗಳು ಸವೆದು ಬಟ್ಟೆಯಂತಾಗಿದ್ದವು.

"ಎಡಗಿವಿ ಮಂದ ಅಂತ ಬರೆದಿದ್ದೀಯಾ, ಕೇಳಿಸಲ್ಲ ಅಂತಲಾ?"

"ಕೇಳಿಸಲ್ಲ ಅಂತ."

"ಹೂಂ. ಸರಿಯಾಗೇ ಬರೆದಿದ್ದೀಯ." ಅವನು ಅಂಚೆಡಬ್ಬದ ಕಡೆ ಕೈ ತೋರಿಸಿದ. "ಹಾಕು."

"ಅಣ್ಣಾ, ಅಂಚೆ ಯಾಕೆ?" ಅಂದಳು ನಾದಿನಿ. "ನಿನ್ನ ಫೋನಲ್ಲಿ ಒಂದು ಫೋಟೋ ಹೊಡೆದು ಕಳಿಸಿದ್ರೆ ಈ ಕ್ಷಣ ಯಜಮಾನರ ಕೈಲಿರುತ್ತೆ. ಅಷ್ಟಾದ್ರೂ ದುಡಿಸ್ಕೋ ಅದನ್ನ."

ಅವನು ಜೇಬಿನಲ್ಲಿದ್ದ ಫೋನನ್ನು ಮುಟ್ಟಿ ನೋಡಿಕೊಂಡ. "ಬೇಡ. ಇದು ಅದರಲ್ಲಿ ಏನನ್ನ ಅಳಿಸಿ ಕಳಿಸುತ್ತೋ."

"ಹಾಗಾದ್ರೆ ನನಗೆ ಕೊಟ್ಟುಬಿಡು. ನನ್ನ ಹಾಡು ಹಿಡಿದಿಡ್ತೀನಿ."

"ಗದ್ದಲ ಅಳಿಸುತ್ತಂತಲ್ಲೇ," ಅಂದಳು ಅತ್ತಿಗೆ, "ಏನೂ ಉಳಿಯಲ್ಲ."

ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವಳ ಬಾಯಿಗೆ ಒಂದು ತಮಾಷೆ ಬಂದಿತ್ತು. ಅವಳು ಕಾಗದವನ್ನು ಅಂಚೆಡಬ್ಬಕ್ಕೆ ತೂರಿಸಹೋದಳು. ಕಾಗದದ ಅರ್ಧ ಡಬ್ಬದ ಬಾಯೊಳಗೆ ಹೋಗಿತ್ತು, ಇನ್ನರ್ಧವನ್ನು ಅವಳ ಬೆರಳು ಬಿಡಲೊಲ್ಲದು. ಇದು ಹೋದ ಮೇಲೆ ಏನು? ನೆಲದ ಕೆಲಸ ಕೊಡುತ್ತಾರೋ, ಮನೆಗೇ ಕಳಿಸುತ್ತಾರೋ, ಇಷ್ಟು ದಿನದ ತಪ್ಪಿಗೆ ಇನ್ನೇನು ಮಾಡುತ್ತಾರೋ? ತಾನು ಇಷ್ಟು ಕಾಲ ಕಳಿಸಬೇಕು ಕಳಿಸಬೇಕು ಅಂತ ಹೊತ್ತು ತಿರುಗಿದ್ದಕ್ಕೆ ತಾನೇ ಹೆದರುತ್ತಿದ್ದಾಳೆ.

ಅವನು ಅವಳ ಕೈ ಮೇಲೆ ಕೈ ಇಟ್ಟ. ಗ್ರೀಸು ಮೆತ್ತಿದ ಕೈ. ಒಟ್ಟಿಗೆ ಒಂದಿಷ್ಟು ಮುಂದೆ ನೂಕಿದರು. ಬೆರಳುಗಳಿಂದ ಕಾಗದ ಜಾರಿತು.

ಅವನು ಬಗ್ಗಿ ಬಲಗಿವಿಯನ್ನು ಡಬ್ಬದ ತುಕ್ಕಿಗೆ ಒತ್ತಿದ.

"ಬಿತ್ತೇನೇ?" ಅಂತ ಕೇಳಿದ.

"ಬಿತ್ತು ಕಣ್ರೀ" ಅಂದಳು ಅವಳು. "ನನಗೆ ಕೇಳಿಸ್ತು."